ಮಾಸ್ಕಿನೊಳಗಿನ ಕನ್ನಡ

ಬ್ರಿಟನ್ನಿನ ಟೀವಿಯಲ್ಲಿ ಮುಂದಿನ ವಾರ ಬರಲಿರುವ ಹೊಸ ಸಾಕ್ಷ್ಯಚಿತ್ರಗಳೆಲ್ಲ ಸೋಮವಾರ ಬೆಳಿಗ್ಗೆ ಮಲೇಷ್ಯಾದ ಪುಚೊಂಗಿನ ನಮ್ಮ ಫ್ಲ್ಯಾಟಿನ ಊಟದ ಮೇಜಿಗೆ ಬಂದು ಬೀಳುತ್ತಿದ್ದವು. ಆ ವಾರ ಬಂದವುಗಳಲ್ಲಿ ಹಳೆಯ ಕಾಲುವೆಯಲ್ಲಿ ದೋಣಿ ನಡೆಸಿಕೊಂಡು ಹೋಗುವ ದಂಪತಿಯ ಕಥೆ ಇತ್ತು, ಪಾಳುಬಿದ್ದ ಚರ್ಚೊಂದನ್ನು ಕೊಂಡು ಮನೆ ಮಾಡಿಕೊಳ್ಳುವವನದ್ದಿತ್ತು, ಹೆದ್ದಾರಿ ಪೊಲೀಸರದ್ದು, ಕಡಲ ಹಕ್ಕಿಗಳದ್ದು ಇದ್ದವು. ಮತ್ತೆ ಒಂದು ಆಸ್ಪತ್ರೆಯದ್ದು. ಆ ದಿನಗಳಲ್ಲಿ ಆಸ್ಪತ್ರೆಯದ್ದು ಇಲ್ಲದ ವಾರವೇ ಇರಲಿಲ್ಲ.

ಕಿವಿ ಕೇಳಿಸದವರಿಗಾಗಿ ಇವಕ್ಕೆಲ್ಲ ಇಂಗ್ಲಿಷ್ ಸಬ್‌ಟೈಟಲ್ ಹಾಕುವುದು ನನ್ನ ಕೆಲಸ. ಆಫೀಸು ಸೈಬರ್‌ಜಯಾದಲ್ಲಿ. ಎಂಸಿಓ ಎಂಬ ಇಲ್ಲಿಯ ಲಾಕ್‌ಡೌನ್ ಬಂದು ರಸ್ತೆಗಳಲ್ಲಿ ಪೊಲೀಸರು ನಿಂತ ಮೇಲೆ ಲ್ಯಾಪ್‌ಟಾಪು, ಹೆಡ್‌ಫೋನು ಮನೆಗೆ ಬಂದವು. ಒಂದು ಕೋಣೆಯಲ್ಲಿ ಗಂಡನ ಆಫೀಸು, ಇನ್ನೊಂದರಲ್ಲಿ ಮಗಳ ಶಾಲೆ, ನನಗೆ ಅಡುಗೆಮನೆಯ ಪಕ್ಕದ ಮೇಜು. ಯಾರೂ ಕದ್ದು ಚಿತ್ರೀಕರಿಸಬಾರದೆಂದು ಪರದೆಯ ಮೇಲೆ ಅಡ್ಡಕ್ಕೆ ನನ್ನ ಹೆಸರು ಮಸುಕಾಗಿ ಓಡುತ್ತಿರುತ್ತಿತ್ತು. ಯಾರು ಸಾಯುತ್ತಿದ್ದರೂ ಅವರ ಎದೆಯ ಮೇಲೆ ನನ್ನ ಹೆಸರು.

ಕೇಳುವುದಕ್ಕೆ ಸುಲಭದ ಕೆಲಸ. ಮಾಡುವಾಗ ಹಾಗಲ್ಲ. ಒಂದು ಸಲಕ್ಕೆ ಎರಡೇ ಸಾಲು. ಓದಿ ಮುಗಿಸುವಷ್ಟು ಹೊತ್ತು ಅದು ನಿಲ್ಲಬೇಕು. ದೃಶ್ಯ ಬದಲಾಗುವ ಫ್ರೇಮನ್ನು ದಾಟಬಾರದು. ಒಬ್ಬೊಬ್ಬರ ಮಾತಿಗೆ ಒಂದೊಂದು ಬಣ್ಣ. ಮಾತಲ್ಲದ ಸದ್ದುಗಳನ್ನೂ ಬರೆಯಬೇಕು: ಬಾಗಿಲು ಮುಚ್ಚಿತು, ಯಂತ್ರ ಕೂಗಿತು, ಬಿಕ್ಕಿದರು. ಮೊದಮೊದಲು ಬಿಕ್ಕುವುದನ್ನು ಬರೆಯುವಾಗ ಎದ್ದು ನೀರು ಕುಡಿದು ಬರುತ್ತಿದ್ದೆ. ಬರುಬರುತ್ತಾ ಅಳು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎನ್ನುವುದಷ್ಟೇ ನನಗೆ ಬೇಕಾಗಿತ್ತು. ಮೈಸೂರಿನಲ್ಲಿ ಸೋದರಮಾವ ಹೋದಾಗ ವಿಮಾನಗಳಿರಲಿಲ್ಲ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎಲ್ಲವನ್ನೂ ನೋಡಿದೆ. ಪುರೋಹಿತರ ತುಟಿ ಆಡಿದ ಮೇಲೆ ಸ್ವಲ್ಪ ತಡವಾಗಿ ಮಂತ್ರ ಕೇಳಿಸುತ್ತಿತ್ತು. ನನ್ನ ಗಮನವೆಲ್ಲ ಅದರ ಮೇಲೆಯೇ, ಸಿಂಕ್ ತಪ್ಪಿದೆ ಎಂದು. ಮುಗಿದ ಮೇಲೆ ಸ್ನಾನ ಮಾಡಿ ಬಂದು ಪೊಲೀಸರ ಕಾರ್ಯಕ್ರಮವೊಂದನ್ನು ಮುಂದುವರಿಸಿದೆ. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಬೇಜಾರೂ ಆಗಲಿಲ್ಲ.

ಆ ವಾರದ ಆಸ್ಪತ್ರೆಯ ಚಿತ್ರವನ್ನು ಮಂಗಳವಾರ ತೆರೆದೆ. ಇಂಗ್ಲೆಂಡಿನ ಯಾವುದೋ ಊರಿನ ಕೋವಿಡ್ ವಾರ್ಡು. ಅರ್ಧ ದಾಟಿದ ಮೇಲೆ ಒಬ್ಬ ಹಿರಿಯ ಭಾರತೀಯ ಹೆಂಗಸು ಬರುತ್ತಾರೆ. ಮಗಳ ಬಾಣಂತನಕ್ಕೆಂದು ಭಾರತದಿಂದ ಬಂದವರು, ವಿಮಾನ ನಿಂತು ಅಲ್ಲೇ ಉಳಿದವರು, ಮೊಮ್ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ರೋಗ ಹತ್ತಿ ಆಸ್ಪತ್ರೆ ಸೇರಿದವರು ಎಂದು ನಿರೂಪಕ ಹೇಳುತ್ತಾನೆ. ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕು. ನರ್ಸ್ ಒಬ್ಬಳು ಟ್ಯಾಬ್ಲೆಟ್ಟಿನಲ್ಲಿ ಮಗಳಿಗೆ ವಿಡಿಯೋ ಕರೆ ಹಚ್ಚಿ ಅವರ ಮುಖದ ಮುಂದೆ ಹಿಡಿಯುತ್ತಾಳೆ. ಅವರು ಕೈ ಎತ್ತಿ ಏನೋ ಹೇಳುತ್ತಾರೆ. ಅದರ ಮೇಲೆ ನಿರೂಪಕನ ದನಿ: ಹೆದರಬೇಡ ಎಂದು ಮಗಳಿಗೆ ಧೈರ್ಯ ತುಂಬುತ್ತಿದ್ದಾರೆ. ಆ ಹೆಂಗಸು ತೀರಿಕೊಂಡರು ಎಂದು ಮುಂದಿನ ದೃಶ್ಯದಲ್ಲಿ ಗೊತ್ತಾಗುತ್ತದೆ.

ಲಂಡನ್ನಿನಿಂದ ಬಂದ ಸ್ಕ್ರಿಪ್ಟಿನಲ್ಲಿ ಆಕೆಯ ಮಾತಿಗೆ ಬರೆದಿದ್ದದ್ದು ಇಷ್ಟೇ: ಹಿಂದಿಯಲ್ಲಿ ಮಾತಾಡುತ್ತಾರೆ.

ನಾನು ಅದನ್ನೇ ಟೈಪ್ ಮಾಡಿ ಸಮಯ ಹೊಂದಿಸುತ್ತಿದ್ದೆ. ಆಗ ಹತ್ತಿರದಲ್ಲೇ ಯಾರೋ "ಬ್ಯಾಡ್ರಿ" ಎಂದ ಹಾಗಾಯಿತು. ನಮ್ಮ ಎದುರು ಮನೆಯಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬರಿದ್ದರು. ತರಕಾರಿಯವನ ಜೊತೆ ಮಾತಾಡುತ್ತಿದ್ದಾರೇನೋ ಎಂದು ಹೆಡ್‌ಫೋನ್ ತೆಗೆದೆ. ಕಾರಿಡಾರಿನಲ್ಲಿ ಸದ್ದಿರಲಿಲ್ಲ. ಮತ್ತೆ ಹಾಕಿಕೊಂಡು ಹಿಂದಕ್ಕೆ ಹೋಗಿ ಕೇಳಿದೆ. ಮಾಸ್ಕಿನೊಳಗಿಂದಲೇ ಬಂದ ಮಾತು ಅದು.

ನಿರೂಪಕನ ದನಿ, ಆಕ್ಸಿಜನ್ನಿನ ಭುಸುಗುಡುವ ಸದ್ದು, ಇವುಗಳ ಕೆಳಗೆ ಆಕೆಯ ಮಾತು ಹೂತುಹೋಗಿತ್ತು. ಕೆಳಸ್ತರದ ಸದ್ದುಗಳನ್ನು ಇಳಿಸಿ, ಮಾತಿನ ಸ್ತರವನ್ನು ಏರಿಸಿ, ಅರ್ಧ ವೇಗಕ್ಕೆ ಇಟ್ಟು ಮತ್ತೆ ಮತ್ತೆ ಕೇಳಿದೆ. ಮಾರಿ ಅನ್ನುವುದು ಸಿಕ್ಕಿತು. ತೋರಸಬ್ಯಾಡ್ರಿ ಸಿಕ್ಕಿತು. ಹಸೀ ಬಾಣಂತಿ ಅನ್ನುವುದು ಸ್ಪಷ್ಟವಾಗಿತ್ತು. ಕೊನೆಗೆ ಅಂಜತಾಳ್ರಿ.

ನಮ್ಮ ಮೈಸೂರಿನ ಕಡೆ ಮಾರಿ ಅಂದರೆ ಮಾರಮ್ಮ. ರೋಗ ತರುವವಳೂ ಅವಳೇ, ಕಳೆಯುವವಳೂ ಅವಳೇ. ಹಸಿ ಬಾಣಂತಿ ಮಗಳಿಗೆ ಈ ಮಾರಿಯನ್ನು ತೋರಿಸಬೇಡಿ, ಅವಳು ಹೆದರುತ್ತಾಳೆ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ರೋಗ ಅವಳಿಗೆ ತಟ್ಟದಿರಲಿ ಎಂಬ ಹರಕೆ. ಧೈರ್ಯ ತುಂಬುತ್ತಿದ್ದಾರೆ ಅನ್ನುವುದಕ್ಕೆ ಅದೇನೂ ದೂರವಲ್ಲ. ಹಿಂದಿ ಅಲ್ಲ, ಕನ್ನಡ ಎಂದಷ್ಟೇ ನಮ್ಮ ಟೀಮ್ ಲೀಡ್‌ಗೆ ತಿಳಿಸಿದೆ. ಅವರು ಸುಬಾಂಗ್ ಜಯಾದಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು. ನಾನು ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದೆ. ಭಾಷೆಯ ಹೆಸರು ತಿದ್ದು, ಮುಂದಕ್ಕೆ ಹೋಗು ಎಂದರು. ತಿದ್ದಿದೆ. ಚಿತ್ರ ಬಹುಮಟ್ಟಿಗೆ ಮುಗಿಯಿತು. ಸರಿಯಿದೆ ಎಂದು ಪಾಸ್ ಒತ್ತುವುದನ್ನು ಮಾತ್ರ ಬೆಳಗಿಗೆ ಉಳಿಸಿದೆ. ಯಾಕೆ ಉಳಿಸಿದೆನೆಂದು ಕೇಳಿದರೆ ಹೇಳಲು ಗೊತ್ತಿಲ್ಲ.

ಸಂಜೆ ಎದುರು ಮನೆಯವರು ಮಮಕ್ ಹೋಟೆಲಿನಿಂದ ಊಟ ಕಟ್ಟಿಸಿ, ಇಲ್ಲಿಯ ಮಾತಿನಲ್ಲಿ ತಪಾವ್, ತಂದು, ನಮ್ಮ ಪಾಲಿನ ರೊಟ್ಟಿಯನ್ನು ಬಾಗಿಲ ಹಿಡಿಗೆ ನೇತುಹಾಕಿ, ತಮ್ಮ ಬಾಗಿಲಲ್ಲಿ ನಿಂತು ಕೂಗಿದರು. ಆಗ ಮಾತೆಲ್ಲ ಹಾಗೇ, ಕಾರಿಡಾರಿನ ಆ ಕಡೆ ಅವರು, ಈ ಕಡೆ ನಾನು, ಇಬ್ಬರ ಬಾಯಿಗೂ ಮಾಸ್ಕು. ಕೆಲಸದ ವಿಷಯ ಹೊರಗೆ ಹೇಳುವಂತಿಲ್ಲ. ಅದಕ್ಕೇ ಎಲ್ಲಿಯದು, ಯಾರದು ಎನ್ನದೆ ಆ ಮಾತನ್ನು ಮಾತ್ರ ಹೇಳಿ, ನಿಮ್ಮ ಕಡೆ ಬಾಣಂತಿಯರಿಗೆ ಹೀಗೆ ಹರಕೆ ಹೊರುತ್ತಾರಾ ಎಂದು ಕೇಳಿದೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದರು.

"ಇದರಾಗ ಹರಕಿ ಎಲ್ಲಿ ಬಂತ್ರೀ? ಮಾರಿ ಅಂದ್ರ ಮುಖ," ಎಂದು ತಮ್ಮ ಮುಖದ ಸುತ್ತ ಕೈಯಾಡಿಸಿ ತೋರಿಸಿದರು. "ನನ್ನ ಮಾರಿ ಆಕಿಗೆ ತೋರಸಬ್ಯಾಡ್ರಿ. ಹಸೀ ಬಾಣಂತಿ ಅದಾಳ, ನೋಡಿದ್ರ ಅಂಜತಾಳ. ಹಂಗಂದಾರ ಯಾರೋ. ಯಾರ್ರೀ ಅವರು?"

ಯಾರೋ ಎಂದು ಹೇಳಿ ಒಳಗೆ ಬಂದೆ. ರೊಟ್ಟಿ ಬಾಗಿಲ ಹಿಡಿಯಲ್ಲೇ ಉಳಿಯಿತು. ನನ್ನ ಮಗಳು ಹೋಗಿ ತಂದಳು.

ಲ್ಯಾಪ್‌ಟಾಪ್ ತೆರೆದು ಮತ್ತೆ ನೋಡಿದೆ. ಈಗ ಎಲ್ಲವೂ ಬೇರೆ ಥರ ಕಂಡಿತು. ಆಶೀರ್ವಾದವೆಂದು ನಾನು ತಿಳಿದಿದ್ದ ಎತ್ತಿದ ಕೈ ಟ್ಯಾಬ್ಲೆಟ್ಟನ್ನು ಪಕ್ಕಕ್ಕೆ ನೂಕುವ ಕೈಯಾಗಿತ್ತು. ನರ್ಸ್‌ಗೆ ಭಾಷೆ ತಿಳಿಯದು. ಅವಳು ಪ್ರೀತಿಯಿಂದಲೇ ಮತ್ತೆ ಹತ್ತಿರ ಹಿಡಿಯುತ್ತಿದ್ದಳು. ಆಕೆ ಮತ್ತೆ ನೂಕುತ್ತಿದ್ದರು. ತನ್ನ ಮುಖವನ್ನು ಒಬ್ಬ ಮಗಳಿಗೂ ತೋರಿಸಬೇಡಿ ಎಂದ ಹೆಂಗಸಿನ ಮುಖವನ್ನು ಇನ್ನು ಕೆಲವೇ ದಿನಗಳಲ್ಲಿ ಒಂದಿಡೀ ದೇಶ ನೋಡುವುದಿತ್ತು. ಅದರ ಕೆಳಗೆ ಧೈರ್ಯ ತುಂಬುತ್ತಿದ್ದಾರೆ ಎಂಬ ಸಾಲನ್ನು ಹಾಕುವವಳು ನಾನು.

ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ಎಲ್ಲೋ ಒಂದು ಅಳತೆ ತಪ್ಪಿದೆ, ಇದು ಹೀಗೆ ಹೋಗಬಾರದು ಅನ್ನಿಸಿತು, ಅಷ್ಟೆ. ಆ ದಿನಗಳಲ್ಲಿ ನನ್ನಲ್ಲಿ ಉಳಿದಿದ್ದದ್ದು ಅಷ್ಟೇ.

ಬುಧವಾರ ಬೆಳಿಗ್ಗೆ ಅಕ್ಕನಿಗೆ ಕರೆ ಮಾಡಿ ಎಲ್ಲ ಹೇಳಿದೆ. ಅವರ ಮಾತು ಖಚಿತವಾಗಿತ್ತು. ಚಿತ್ರ ಅಂತಿಮಗೊಂಡಿದೆ. ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ನಾವು ಸೇರಿಸುವಂತಿಲ್ಲ. ಕುಟುಂಬದ ಒಪ್ಪಿಗೆಯಿಲ್ಲದೆ ಯಾರೂ ಇಂಥದ್ದನ್ನು ತೋರಿಸುವುದಿಲ್ಲ, ಅದನ್ನು ನೋಡಿಕೊಳ್ಳುವವರು ಅಲ್ಲಿದ್ದಾರೆ. "ನಾವು ಅಕ್ಷರ ಹಾಕೋರು ಮಾ, ಅಷ್ಟೇ ಲಾ," ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಧ್ಯಾಹ್ನದವರೆಗೆ ಹಕ್ಕಿಗಳ ಚಿತ್ರ ಮಾಡಿದೆ. ಬಂಡೆಯ ಮೇಲೆ ಸಾವಿರಾರು ಹಕ್ಕಿಗಳು ಕಿರುಚುತ್ತಿದ್ದವು. ಹಕ್ಕಿಗಳು ಕಿರುಚುತ್ತವೆ ಎಂದು ಬರೆದೆ.

ಊಟವಾದ ಮೇಲೆ ಆಸ್ಪತ್ರೆಯ ಚಿತ್ರವನ್ನು ತೆರೆದೆ. ನಮ್ಮ ಸಾಫ್ಟ್‌ವೇರಿನಲ್ಲಿ ಎರಡೇ ಗುಂಡಿ, ಪಾಸ್ ಮತ್ತು ಫೇಲ್. ಫೇಲ್ ಒತ್ತಿದರೆ ಕಾರಣ ಆರಿಸಬೇಕು: ಚಿತ್ರ ಹರಿದಿದೆ, ಸದ್ದು ಕಡಿಮೆ, ಸಿಂಕ್ ಇಲ್ಲ, ಹೀಗೆ. ಬೇಡ ಎನ್ನುತ್ತಿದ್ದಾರೆ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಮಾತಿಗೂ ನಿರೂಪಣೆಗೂ ಹೊಂದಿಕೆಯಿಲ್ಲ ಎನ್ನುವುದು ಹತ್ತಿರಕ್ಕೆ ಬಂತು. ಅದನ್ನು ಆರಿಸಿ, ಆಕೆಯ ಮಾತು ಮತ್ತು ಅದರ ಅರ್ಥವನ್ನು ಬರೆದು, ಫೇಲ್ ಒತ್ತಿದೆ. ಪ್ರಸಾರ ಅಷ್ಟು ಹತ್ತಿರವಿರುವಾಗ ಫೇಲ್ ಆದ ಚಿತ್ರದ ಸುದ್ದಿ ನೇರ ಲಂಡನ್ನಿಗೆ ಹೋಗುತ್ತದೆ. ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

ತಕ್ಷಣ ಅಕ್ಕನ ಫೋನ್ ಬಂತು. ಅವರು ಕೂಗುವವರಲ್ಲ. ಆದರೆ ದನಿ ಬಿಗಿದಿತ್ತು. ಅಲ್ಲಿಯವರಿಗೆ ಸಿಟ್ಟು ಬಂದು ಕೆಲಸವನ್ನೇ ಬೇರೆ ಕಡೆ ಕೊಟ್ಟರೆ ಟೀಮಿನವರೆಲ್ಲರ ಗತಿ ಏನು, ಯೋಚಿಸಿದೆಯಾ ಎಂದು ಕೇಳಿದರು. ಯೋಚಿಸಿದೆ ಎಂದೆ. ನಿಜವಾಗಿ ಯೋಚಿಸಿರಲಿಲ್ಲ. ಆಮೇಲೆ, ಅಷ್ಟಕ್ಕೂ ಆ ಅಮ್ಮ ಏನಂದದ್ದು, ಇಂಗ್ಲಿಷ್ ಬೇಡ, ತಮಿಳಲ್ಲಿ ಹೇಳು ಎಂದರು.

ನನ್ನ ಅರೆಬರೆ ತಮಿಳಿನಲ್ಲಿ ಹೇಳಿದೆ. ನನ್ನ ಮುಖ ಅವಳಿಗೆ ತೋರಿಸಬೇಡಿ. ಪಿಳ್ಳೆ ಪೆತ್ತವಳು, ಹೆದರುತ್ತಾಳೆ.

ಅಕ್ಕನ ತಾಯಿ ಪಕ್ಕದ ರಾಜ್ಯದ ಇಪೋದಲ್ಲಿದ್ದರು. ರಾಜ್ಯದ ಗಡಿ ದಾಟುವಂತಿಲ್ಲವಾದ್ದರಿಂದ ತಿಂಗಳುಗಟ್ಟಲೆ ನೋಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕೊನೆಗೆ, "ಸರಿ. ಲಂಡನ್ನಿನಿಂದ ಫೋನ್ ಬಂದರೆ ನಾನು ಮಾತಾಡ್ತೀನಿ," ಎಂದು ಇಟ್ಟರು.

ಅಲ್ಲಿ ಬೆಳಗಾದಾಗ ನಮ್ಮಲ್ಲಿ ಸಂಜೆ. ಉತ್ತರ ಬಂತು, ಎರಡು ಸಾಲಿನದು. ಆ ಮಾತಿನ ಅನುವಾದವನ್ನು ರೋಗಿಯ ಮಗಳೇ ಕೊಟ್ಟಿದ್ದಾರೆ, ದಯವಿಟ್ಟು ಪಾಸ್ ಮಾಡಿ.

ಇದನ್ನು ನಾನು ಎಣಿಸಿರಲಿಲ್ಲ. ಮಗಳಿಗೆ ಕನ್ನಡ ಬಾರದೇ ಇರುತ್ತದೆಯೇ? ಕೇಳಿಸಿಕೊಂಡೇ ಹಾಗೆ ಹೇಳಿದ್ದಾಳೆ ಎಂದರೆ ಅದು ಅವಳಿಗೂ ಅವಳ ತಾಯಿಗೂ ಸೇರಿದ್ದು, ನಡುವೆ ನಾನ್ಯಾರು? ಅಕ್ಕನೂ ಅದನ್ನೇ ಅಂದರು, ಮೆತ್ತಗೆ. ಗುರುವಾರ ಬೆಳಿಗ್ಗೆ ಪಾಸ್ ಮಾಡಿಬಿಡುವುದೆಂದೇ ಕೂತೆ. ಕೊನೆಯ ಸಲ ಎಂದು ಆ ದೃಶ್ಯವನ್ನು ಹಾಕಿದೆ. ನಿರೂಪಕನ ದನಿ ಅಡ್ಡ ಬಂದದ್ದರಿಂದ ಮಗಳ ದನಿ ಕೇಳಿಸುತ್ತಿರಲಿಲ್ಲ. ಆದರೆ ಆಕೆ ನೂಕಿದಾಗಲೆಲ್ಲ ಟ್ಯಾಬ್ಲೆಟ್ ಓರೆಯಾಗಿ ಅದರ ಪರದೆ ಒಂದೊಂದು ಕ್ಷಣ ಕಾಣುತ್ತದೆ. ಫ್ರೇಮ್ ಫ್ರೇಮಾಗಿ ಮುಂದೆ ಸರಿಸಿದೆ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ, ಈ ಕಡೆಯಿಂದ ಮಗಳಿಗೆ ಹೋಗುತ್ತಿದ್ದ ಚಿತ್ರ ಕಾಣುತ್ತಿತ್ತು. ಅದರಲ್ಲಿ ಒಂದು ಸಲವೂ ತಾಯಿ ಇರಲಿಲ್ಲ. ಆಸ್ಪತ್ರೆಯ ಛಾವಣಿ ಇತ್ತು, ದೀಪ ಇತ್ತು.

ಅಂದರೆ ಮಗಳಿಗೆ ಆ ಮುಖ ಕಂಡೇ ಇರಲಿಲ್ಲ. ನೂಕಿ ನೂಕಿ ಆ ತಾಯಿ ಗೆದ್ದಿದ್ದರು. ನಮ್ಮ ಚಿತ್ರ ಅವರನ್ನು ಸೋಲಿಸುವುದಿತ್ತು.

ಲಂಡನ್ನಿಗೆ ಒಂದೇ ಪ್ರಶ್ನೆ ಬರೆದೆ: ಮುಗಿದ ಚಿತ್ರವನ್ನು ಮಗಳು ನೋಡಿದ್ದಾರೆಯೇ?

ಈ ಸಲ ಉತ್ತರ ಬರಲಿಲ್ಲ, ಕರೆಯೇ ಬಂತು. ಚಿತ್ರದ ನಿರ್ಮಾಪಕಿ. ಬೆನ್ನ ಹಿಂದೆ ಒಗೆದ ಬಟ್ಟೆ ಒಣಹಾಕಿದ್ದ ಮಲಗುವ ಕೋಣೆಯಲ್ಲಿ ಕೂತಿದ್ದಳು. ಕಣ್ಣುಗಳು ಬಾಡಿದ್ದವು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು, ಆ ಮಾತಿನ ಅರ್ಥ ನಿಮಗೆ ಖಾತ್ರಿಯೇ ಎಂದು ಮಾತ್ರ. ಖಾತ್ರಿ ಎಂದೆ. ಮಗಳಿಗೆ ಚಿತ್ರ ಕಳಿಸಿದ್ದೆವು, ನೋಡುವುದಿಲ್ಲ ಎಂದು ಹೇಳಿ ಹಾಗೆಯೇ ಒಪ್ಪಿಗೆಗೆ ಸಹಿ ಹಾಕಿದರು, ದುಃಖದಲ್ಲಿದ್ದಾರೆ ಎಂದು ನಾವೂ ಒತ್ತಾಯಿಸಲಿಲ್ಲ ಎಂದಳು. ಮಗಳನ್ನು ಮತ್ತೆ ಕೇಳುತ್ತೇನೆ ಎಂದು ಹೋದಳು.

ಶುಕ್ರವಾರ ಸಂಜೆ ಮತ್ತೆ ಕರೆ. ಮಗಳಿಗೆ ಮಾತಾಡಬೇಕಂತೆ, ಆದರೆ ಚಿತ್ರತಂಡದವರ ಜೊತೆಗಲ್ಲ, ತನ್ನ ತಾಯಿಯ ಮಾತು ತಿಳಿದವರ ಜೊತೆಗೆ. ಅಕ್ಕನೂ ಕರೆಯಲ್ಲಿದ್ದರು, ನಿರ್ಮಾಪಕಿಯೂ ಇದ್ದಳು. ಇಬ್ಬರೂ ಕ್ಯಾಮೆರಾ ಮುಚ್ಚಿದರು. ಮಗಳ ಚೌಕವೂ ಕತ್ತಲೆಯೇ. ಹಿಂದೆ ಮಗುವೊಂದು ಕುಂಯ್‌ಗುಟ್ಟುತ್ತಿತ್ತು.

ನಮಸ್ಕಾರ ಎಂದಳು. ನಾನು ಯಾವ ಊರಿನವಳು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದೆಲ್ಲ ವಿಚಾರಿಸಿದಳು. ತಮ್ಮದು ಗದಗಿನ ಕಡೆ ಎಂದಳು. ನಾನಾಗಿ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಶುರು ಮಾಡಿದಳು. ಅವತ್ತು ಅವ್ವ ಅಂದದ್ದು ತನಗೆ ಸರಿಯಾಗಿಯೇ ಕೇಳಿಸಿತ್ತು. ಚಿತ್ರದವರು ಆಮೇಲೆ ಬಂದು ತಾಯಿ ಏನಂದರು ಎಂದು ಕೇಳಿದಾಗ ಅಂಜಬೇಡ ಅಂದಳು ಎಂದುಬಿಟ್ಟಳು. ಪೂರ್ತಿ ಸುಳ್ಳೂ ಅಲ್ಲ ಅನ್ನಿಸಿತ್ತಂತೆ. ಇದನ್ನು ನೋಡಿ ನಾಲ್ಕು ಮಂದಿ ಹೊರಗೆ ತಿರುಗದೆ ಮನೆಯಲ್ಲಿ ಕೂತರೆ ಒಳ್ಳೆಯದಲ್ಲವೇ ಎಂದು ಅವರು ಹೇಳಿದರು, ಸಹಿ ಹಾಕಿದಳು.

"ನೀವು ನೋಡೀರಿ ಅಲ್ರೀ?" ಎಂದಳು ಆಮೇಲೆ.

"ನೋಡಿದೀನಮ್ಮ."

"ಹೆಂಗ ಇದ್ಲ್ರೀ ನಮ್ಮವ್ವ?"

ಆ ಮುಖವನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ನೋಡಿದ್ದು ಮಾತಿಗಾಗಿ, ಸಮಯಕ್ಕಾಗಿ. ಈಗ ಕಣ್ಣುಮುಚ್ಚಿ ನೆನೆಸಿಕೊಳ್ಳಬೇಕಾಯಿತು. ಚೆನ್ನಾಗಿದ್ದರು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸುಸ್ತಾಗಿದ್ದರು, ಮಾಸ್ಕಿನಿಂದ ಕೆನ್ನೆಯ ಮೇಲೆ ಗೀರು ಬಿದ್ದಿತ್ತು ಎಂದೆ. ಟ್ಯಾಬ್ಲೆಟ್ ನೂಕಿದ ಮೇಲೆ ಅದೇ ಕೈಯಿಂದ ತಲೆಗೂದಲು ಸರಿಮಾಡಿಕೊಂಡರು, ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡರು ಎಂದೆ.

"ಹೆದರಿದ ಹಾಗಿರಲಿಲ್ಲಮ್ಮ. ಕಸ ಹೊಡೆಯೋಕ್ಕೆ ಮುಂಚೆ ನೆಂಟರು ಬಂದ್ರೆ ಹೆಂಗಸರು ಸಂಕೋಚ ಪಡ್ತಾರಲ್ಲ, ಹಾಗಿದ್ರು."

ಆ ಕಡೆಯಿಂದ ಒಂದು ಸದ್ದು ಬಂತು. ನಗುವೋ ಅಳುವೋ, ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೂ ತಿಳಿಯಲಿಲ್ಲ. ಹೌದ್ರಿ, ಅವ್ವ ಹಂಗೇ, ತಲಿ ಬಾಚದ ಹೊಸ್ತಿಲಿಗೆ ಬರ್ತಿದ್ದಿಲ್ಲ ಎಂದಳು. ಮಗು ಅಳತೊಡಗಿತು. ಅದನ್ನು ಎತ್ತಿಕೊಂಡು ಬಂದು, ನಿಧಾನವಾಗಿ ಹೇಳಿದಳು.

"ಅವ್ವ ಏನಂದಾಳೋ ಅದನ್ನ ಅಂದಾಂಗ ಹಾಕ್ರಿ. ಮಾರಿ ಮಾತ್ರ ಬ್ಯಾಡ."

ಅದನ್ನು ನಿರ್ಮಾಪಕಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಸರಿ ಎಂದಳು, ವಾದ ಮಾಡಲಿಲ್ಲ. ಪ್ರಸಾರಕ್ಕೆ ಉಳಿದಿದ್ದದ್ದು ವಾರಾಂತ್ಯ ಮಾತ್ರ. ಸಂಕಲನಕಾರನನ್ನು ರಜೆಯಿಂದ ಕರೆಸಿದರೆಂದು ಆಮೇಲೆ ತಿಳಿಯಿತು.

ತಿದ್ದಿದ ಚಿತ್ರ ಭಾನುವಾರ ಬಂತು. ಅಕ್ಕ ಬೇರೆಯವರಿಗೆ ಕೊಡಲೇ ಎಂದು ಕೇಳಿದರು, ನಾನೇ ಮಾಡುತ್ತೇನೆ ಎಂದೆ. ಆ ದೃಶ್ಯದಲ್ಲಿ ಈಗ ನರ್ಸಿನ ಗ್ಲೌಸು ಹಾಕಿದ ಕೈಗಳು, ಟ್ಯಾಬ್ಲೆಟ್ಟಿನ ಬೆನ್ನು, ಆಮೇಲೆ ಕಿಟಕಿ. ತಾಯಿಯ ಬೆರಳುಗಳು ಒಮ್ಮೆ ಅಂಚಿನಲ್ಲಿ ಬಂದು ನೂಕಿ ಹೋಗುತ್ತವೆ. ನಿರೂಪಕನ ಸಾಲನ್ನು ತೆಗೆದುಹಾಕಿದ್ದರು. ಮಾತು ಈಗ ಸ್ಪಷ್ಟವಾಗಿತ್ತು.

ಹಸಿ ಬಾಣಂತಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲ. ಈಗಷ್ಟೇ ಹೆತ್ತವಳು ಎಂದರೆ ಅದು ಸುದ್ದಿಯಾಗುತ್ತದೆ, ಕಾಳಜಿಯಾಗುವುದಿಲ್ಲ. ಆದರೆ ಇರುವುದು ಎರಡು ಸಾಲು, ಓದಲು ಸಿಗುವುದು ಮೂರು ಉಸಿರಿನಷ್ಟು ಹೊತ್ತು. ಹಲವು ರೀತಿ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು: ಅವಳಿಗೆ ನನ್ನ ಮುಖ ತೋರಿಸಬೇಡಿ. ಅವಳೀಗ ಹಸುಗೂಸಿನ ತಾಯಿ, ಹೆದರುತ್ತಾಳೆ. ಹೊಂದಿತು. ಆಕೆಯ ಮಾತಿಗೆ ಹಳದಿ ಬಣ್ಣ ಕೊಟ್ಟೆ.

ಮುಗಿಯಿತೆಂದು ಮುಂದಕ್ಕೆ ಓಡಿಸಿದೆ. ಕಿಟಕಿಯ ದೃಶ್ಯದ ಮೇಲೆ ಇನ್ನೊಂದು ದನಿ ಇತ್ತು. ಇಷ್ಟು ದಿನ ನಿರೂಪಕನ ಮಾತು ಅದನ್ನು ಮುಚ್ಚಿತ್ತು. ಟ್ಯಾಬ್ಲೆಟ್ಟಿನ ಸಣ್ಣ ಸ್ಪೀಕರಿನಿಂದ, ದೂರದಿಂದ, ಮಗಳ ದನಿ.

"ಆತು ಅವ್ವಾ. ನಾ ನೋಡಾಂಗಿಲ್ಲ ಬಿಡು."

ಅವಳು ಚಿತ್ರ ನೋಡದೆ ಸಹಿ ಹಾಕಿದ್ದು ಯಾಕೆಂದು ಆಗ ತಿಳಿಯಿತು.

ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಯಾರನ್ನೂ ಕೇಳದೆ ಬರೆದೆ. ಅವ್ವ ಅನ್ನುವುದನ್ನು ಅನುವಾದಿಸದೆ ಹಾಗೆಯೇ ಬಿಟ್ಟೆ. ಮಗಳಿಗೆ ಹಸಿರು ಬಣ್ಣ. ಸಾಲು ಶುರುವಾಗುವ ಫ್ರೇಮ್ ಹುಡುಕಲು ಹೋದಾಗ ಪರದೆಯಲ್ಲಿ ಎಲ್ಲವೂ ಮಸುಕು ಮಸುಕಾಗಿತ್ತು. ಇಂಟರ್‌ನೆಟ್ ಕೈಕೊಟ್ಟಿತೆಂದು ತಿರುಗಿ ರೌಟರ್ ನೋಡಿದೆ. ಅದೂ ಮಸುಕಾಗಿಯೇ ಕಂಡಿತು.

ಸೆರಗಿನಂಥದ್ದೇನೂ ಕೈಗೆ ಸಿಗದೆ, ಅಡುಗೆಮನೆಯ ಒರೆಸುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡು ಬಂದು ಕೂತೆ. ಫ್ರೇಮ್ ಸಿಕ್ಕಿತು. ಪಾಸ್ ಒತ್ತಿದೆ.